ನಿಂತಲ್ಲಿ ನಡುಗುವ ಎಂಜಿನ್ನು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬರಿಂದ)

ವೈದ್ಯನಾದವನು ರೋಗಿಯ ನಾಡಿಯನ್ನು ಅವನು ಓಡಿ ಬಂದ ಕೂಡಲೇ ಹಿಡಿಯುವುದಿಲ್ಲ. ಅವನನ್ನು ಕೂಡಿಸಿ, ಉಸಿರು ಒಂದು ಹದಕ್ಕೆ ಬಂದ ಮೇಲೆ ಹಿಡಿಯುತ್ತಾನೆ. ಮೋಟಾರು ಗಾಡಿಯ ಎಂಜಿನ್ನಿನ ಪರೀಕ್ಷೆಯೂ ಇದೇ ಬಗೆಯದು. ಗಾಡಿಯು ರಸ್ತೆಯ ಮೇಲೆ ಓಡುತ್ತಿರುವಾಗ ಎಂಜಿನ್ನಿನ ಸಣ್ಣಪುಟ್ಟ ದೋಷಗಳು ಆ ವೇಗದಲ್ಲಿಯೇ ಮುಚ್ಚಿಹೋಗುತ್ತವೆ. ಗೇರು ಬಿಡಿಸಿ, ಎಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ನನ್ನು ತನ್ನಷ್ಟಕ್ಕೆ ತಾನು ತಿರುಗಲು ಬಿಟ್ಟಾಗ ಅದರ ನಿಜವಾದ ನಾಡಿ ಕೈಗೆ ಸಿಗುತ್ತದೆ. ಈ ಸ್ಥಿತಿಗೆ ಪುಸ್ತಕಗಳಲ್ಲಿ ಐಡ್ಲಿಂಗ್ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ‘ಸ್ಲೋ’ ಎನ್ನುವುದು ವಾಡಿಕೆ. ‘ಸ್ಲೋ ನಿಲ್ಲವಲ್ದು’, ‘ಗಾಡಿ ಮಿಸ್ಸಿಂಗ್ ಹೊಡಿಲಾಕತ್ತದ’ ಎಂಬ ಮಾತುಗಳನ್ನು ಕಲಬುರಗಿಯ ಗ್ಯಾರೇಜುಗಳ ಮುಂದೆ ಹಾದುಹೋದವರೆಲ್ಲರೂ ಕೇಳಿರಬಹುದು.

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಕಮಲಾಪುರದಲ್ಲಿರುವ ನಮ್ಮ ಸೋದರಮಾವನ ಹಳೆಯ ಪದ್ಮಿನಿ ಕಾರು ಕಳೆದ ಬೇಸಿಗೆಯಲ್ಲಿ ಗುಜರಿಯವನ ಪಾಲಾಗುವುದರಲ್ಲಿತ್ತು. ಬೆಲೆಬಾಳುವ ಹೊಸ ಸಾಮಾನುಗಳು ಅದನ್ನು ಉಳಿಸಲಾರದೆ ಹೋದವು; ಕ್ರಮವಾದ ವಿಚಾರವು ಉಳಿಸಿತು. ಆ ವಿಚಾರದ ಕ್ರಮವನ್ನು ನಾನು ಕಂಡಂತೆ ತಿಳಿಸುವುದು ಈ ಲೇಖನದ ಉದ್ದೇಶ. ಎಂಜಿನ್ನನ್ನು ಎಂದೂ ಬಿಚ್ಚದವರಿಗೂ ಇದರಿಂದ ಸ್ವಲ್ಪ ಪ್ರಯೋಜನವಾದೀತೆಂದು ನನ್ನ ನಂಬಿಕೆ.

ಕಾರಿನ ಪೂರ್ವಚರಿತ್ರೆ

ಪದ್ಮಿನಿಯ ವಂಶ ಹಳೆಯದು. ಇಟಲಿಯ ಫಿಯೆಟ್ ಸಂಸ್ಥೆಯವರು 1937ರಲ್ಲಿ 1089 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಒಂದು ಎಂಜಿನ್ನನ್ನು ತಮ್ಮ ಕಾರಿಗೆ ಅಳವಡಿಸಿದರು. ಅದೇ ಅಳತೆಯ, ಅದೇ ಪೀಳಿಗೆಯ ಎಂಜಿನ್ನುಳ್ಳ ಫಿಯೆಟ್ 1100 ಕಾರುಗಳು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದವು. 1970ರ ದಶಕದಲ್ಲಿ ಇವಕ್ಕೆ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿಯುವವರೆಗೆ ನಮ್ಮ ದೇಶದಲ್ಲಿ ಕಾರೆಂದರೆ ಮುಖ್ಯವಾಗಿ ಅಂಬಾಸಡರ್ ಅಥವಾ ಫಿಯೆಟ್. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ದುಡಿದ ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ಆ ನಗರದ ರಸ್ತೆಗಳಿಂದ ನಿವೃತ್ತವಾದವು. ಈಗ ಉಳಿದಿರುವುವು ಅಲ್ಲೊಂದು ಇಲ್ಲೊಂದು ಖಾಸಗಿ ಗಾಡಿಗಳು.

ಈ ಸಾಧು ಗಾಡಿಗೆ ಪಂದ್ಯದ ಗೀಳೂ ಇದ್ದಿತು. ಚೆನ್ನೈ ಹತ್ತಿರದ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದ ಮೋಟಾರು ಪಂದ್ಯಗಳಲ್ಲಿ ಫಿಯೆಟ್ 1100 ಕಾರುಗಳನ್ನು ಹುರುಪುಗೊಳಿಸಿ ಓಡಿಸುತ್ತಿದ್ದರು. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಅನೇಕಕ್ಕೆ ಎರಡು ಕಾರ್ಬ್ಯುರೇಟರುಗಳಿರುವುದರಿಂದ, ಅವೆರಡೂ ಸಮನಾಗಿ ಗಾಳಿ ಎಳೆಯುವಂತೆ ಹೊಂದಿಸುವ ಕೆಲಸ ಹೆಚ್ಚಿನದು. ಉಳಿದಂತೆ ಅವುಗಳ ತೊಂದರೆಯೂ ಪದ್ಮಿನಿಯ ತೊಂದರೆಯೂ ಒಂದೇ ಜಾತಿಯವು. ಪರೀಕ್ಷೆಯ ಮಾರ್ಗವೂ ಒಂದೇ.

ಸ್ಲೋದಲ್ಲಿ ಎಂಜಿನ್ನಿನ ಒಳಗೆ ನಡೆಯುವುದೇನು?

ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಾಲ್ಕು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ: ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆಯುವುದು, ಅದನ್ನು ಒತ್ತುವುದು, ಕಿಡಿ ಹಾರಿಸಿ ಉರಿಸುವುದು, ಹೊಗೆಯನ್ನು ಹೊರದೂಡುವುದು. ಎಂಜಿನ್ನು ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರು ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 800 ಸುತ್ತು ತಿರುಗುವಾಗ ಪ್ರತಿ ಸಿಲಿಂಡರು 400 ಸಲ, ನಾಲ್ಕೂ ಸೇರಿ 1600 ಸಲ, ಅಂದರೆ ಸೆಕೆಂಡಿಗೆ ಸುಮಾರು ಇಪ್ಪತ್ತೇಳು ಸಲ ಉರಿಯಬೇಕು. ಈ ಉರಿಗಳು ಒಂದೇ ಬಲದಲ್ಲಿ, ಒಂದೇ ಅಂತರದಲ್ಲಿ ಬಂದರೆ ನಮ್ಮ ಕಿವಿಗೆ ಅದು ಒಂದೇ ಗುಂಗಾಗಿ ಕೇಳುತ್ತದೆ. ನಡುವೆ ಕೆಲವು ತಪ್ಪಿದರೆ ಎಂಜಿನ್ನು ಕುಂಟುತ್ತದೆ. ಗಾಡಿಯ ಮೈಯೆಲ್ಲ ನಡುಗುತ್ತದೆ.

ಉರಿ ಸರಿಯಾಗಿ ಆಗಬೇಕಾದರೆ ಮೂರು ವಸ್ತುಗಳು ಬೇಕು. ಒಂದು, ಒತ್ತಡ, ಎರಡು, ಹೊತ್ತಿಗೆ ಸರಿಯಾದ ಕಿಡಿ, ಮೂರು, ಹದವಾದ ಮಿಶ್ರಣ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗಿ ಉರಿ ತಪ್ಪುತ್ತದೆ. ಪೆಟ್ರೋಲು ಹೆಚ್ಚಾದರೆ ಮಿಶ್ರಣ ದಪ್ಪವಾಗಿ ಕರಿ ಹೊಗೆ ಬರುತ್ತದೆ.

ಕಾಲು ತೆಗೆದಾಗ ಕಾರ್ಬ್ಯುರೇಟರಿನ ಕೊರಳಿನಲ್ಲಿರುವ ಬಟರ್‌ಫ್ಲೈ ಎಂಬ ತಟ್ಟೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಒಳಗೆ ಪಿಸ್ಟನ್ನುಗಳು ಎಳೆಯುತ್ತಿದ್ದರೂ ಗಾಳಿ ಬರುವ ದಾರಿ ಕಿರಿದು. ಆದುದರಿಂದ ತಟ್ಟೆಯ ಕೆಳಗೆ ಬಲವಾದ ಸೆಳೆತ ಹುಟ್ಟುತ್ತದೆ. ಆ ಸೆಳೆತವೇ ಸ್ಲೋ ಜೆಟ್ ಎಂಬ ಸೂಜಿಮೊನೆಯಷ್ಟು ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ತಂದುಕೊಳ್ಳುತ್ತದೆ. ಈ ಸಮಯದಲ್ಲಿ ಎಲ್ಲಿಯಾದರೂ ಒಂದು ಸಂದಿನಿಂದ ಕಳ್ಳ ಗಾಳಿ ಒಳನುಗ್ಗಿದರೆ ಹದ ಕೆಡುವುದು ನಿಶ್ಚಯ. ತುಂಬಿದ ಹೊಳೆಗೆ ಒಂದು ಚೊಂಬು ನೀರು ಸುರಿದರೆ ಯಾರಿಗೂ ತಿಳಿಯದು. ಒಂದು ಚೊಂಬು ಮಜ್ಜಿಗೆಗೆ ಅಷ್ಟೇ ನೀರು ಸುರಿದರೆ ಅದು ಬಾಯಿಗೆ ಹತ್ತದು. ವೇಗದಲ್ಲಿ ಎಂಜಿನ್ನು ಹೊಳೆಯಂತೆ ಗಾಳಿ ಕುಡಿಯುತ್ತದೆ, ಸ್ಲೋದಲ್ಲಿ ಚೊಂಬಿನಷ್ಟು. ಓಡುವಾಗ ನೆಟ್ಟಗಿದ್ದು ನಿಂತಾಗ ಮಾತ್ರ ನಡುಗುವ ಗಾಡಿಯಲ್ಲಿ ಮೊದಲು ಗಾಳಿಯ ಸಂದನ್ನು ಸಂಶಯಿಸಬೇಕೆಂಬ ನಿಯಮದ ಮೂಲ ಇಲ್ಲಿದೆ.

ಮಾವನ ಗಾಡಿಯ ರೋಗ

ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಮೂವತ್ತೈದು ಕಿಲೋಮೀಟರಿನ ಆಚೀಚೆ ಇರುವ ಊರು. ಅಲ್ಲಿಯ ಕೆಂಪು ಬಾಳೆ ಹೆಸರುವಾಸಿ. ಮಾವನ ಪದ್ಮಿನಿಗೆ ಮೂವತ್ತು ವರ್ಷ ದಾಟಿದೆ. ಓಣಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಎದೆನೋವು ಬಂದರೆ, ಕಲಬುರಗಿಯ ದವಾಖಾನೆಗೆ ಹೊರಡುವ ಮೊದಲ ಗಾಡಿ ಅದೇ. ಆ ಗಾಡಿ ಕಳೆದ ವರ್ಷದ ದಸರೆಯ ಹೊತ್ತಿಗೆ ನಿಂತಲ್ಲಿ ನಡುಗಲು ಆರಂಭಿಸಿತು. ರಸ್ತೆಯ ಮೇಲೆ ಏನೂ ತೊಂದರೆಯಿಲ್ಲ. ಜಗತ್ ವೃತ್ತದಲ್ಲಿ ಸಿಗ್ನಲ್ಲಿಗೆ ನಿಂತರೆ ಸಾಕು, ಬಾಗಿಲುಗಳ ಗಾಜು ಗಡಗಡ ಸದ್ದು ಮಾಡುವುವು. ಎಕ್ಸಿಲರೇಟರನ್ನು ತುಳಿದುಕೊಂಡಿರದಿದ್ದರೆ ಎಂಜಿನ್ನು ಆರಿಯೇ ಹೋಗುವುದು.

ಒಂದು ಗ್ಯಾರೇಜಿನಲ್ಲಿ ಪ್ಲಗ್ಗುಗಳನ್ನು ಬದಲಿಸಿದರು, ಗುಣ ಕಾಣಲಿಲ್ಲ. ಪ್ಲಗ್ಗಿನ ವಾಯರುಗಳನ್ನು ಬದಲಿಸಿದರು, ಗುಣ ಕಾಣಲಿಲ್ಲ. ಕಾರ್ಬ್ಯುರೇಟರಿನ ಸ್ಕ್ರೂ ತಿರುವಿ ಪೆಟ್ರೋಲು ಹೆಚ್ಚು ಬಿಟ್ಟರು. ನಡುಕ ತುಸು ತಗ್ಗಿತು, ಪೆಟ್ರೋಲಿನ ಖರ್ಚು ಏರಿತು. ಕೊನೆಗೆ ಹೆಡ್ ಪ್ಯಾಕಿಂಗ್ ಹೋಗಿದೆ, ಎಂಜಿನ್ನಿನ ಹೆಡ್ ಬಿಚ್ಚಬೇಕು ಎಂದರು. ತೊಗರಿ ಮಾರಿ ಬಂದ ಹಣದಲ್ಲಿ ಒಂದು ಪಾಲು ಅದಾಗಲೇ ಕರಗಿದ್ದಿತು. ಅಷ್ಟರಲ್ಲಿ ಗಾಡಿಯ ನೋಂದಣಿಯ ಅವಧಿ ಮುಗಿಯುತ್ತ ಬಂತು. ಹದಿನೈದು ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಪೆಟ್ರೋಲು ಗಾಡಿಯ ಹೊಗೆಯನ್ನು ಅಳೆಯುವುದು ಅದು ಸ್ಲೋದಲ್ಲಿರುವಾಗಲೇ. ಗಾಡಿ ನಪಾಸಾಯಿತು. ಗುಜರಿಯವನು ಬಂದು ಬೆಲೆ ಕಟ್ಟಿ ಹೋದನು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ತಪಾಸಣೆಯ ಇಂಗ್ಲಿಷು ಚೀಟಿಯನ್ನು ಮಾವ ನನ್ನ ಕೈಗೆ ಕೊಟ್ಟು, ‘ಇದ್ರಾಗ ಏನ್ ಬರದಾರ ನೋಡು ತಮ್ಮಾ’ ಎಂದರು. ಅದರಲ್ಲಿ ಎರಡು ಅಂಕಿಗಳಿದ್ದವು. ಒಂದು ಕಾರ್ಬನ್ ಮೊನಾಕ್ಸೈಡ್. ಇದು ಪೆಟ್ರೋಲು ಹೆಚ್ಚಾಗಿ ಅರೆಬರೆ ಉರಿದಾಗ ಏರುತ್ತದೆ. ಇಂಥ ಹಳೆಯ ಕಾರುಗಳಿಗೆ ಇದರ ಮಿತಿ ಶೇಕಡ 3. ಎರಡನೆಯದು ಹೈಡ್ರೋಕಾರ್ಬನ್, ಎಂದರೆ ಉರಿಯದೆ ಹಾಗೆಯೇ ಹೊರಬಿದ್ದ ಪೆಟ್ರೋಲಿನ ಅಂಶ. ಮಿತಿ ಹತ್ತು ಲಕ್ಷಕ್ಕೆ 1500 ಪಾಲು. ನಮ್ಮ ಚೀಟಿಯಲ್ಲಿ ಎರಡೂ ಮಿತಿಯನ್ನು ದಾಟಿದ್ದವು. ಒಂದೇ ಎಂಜಿನ್ನಿನಲ್ಲಿ ಪೆಟ್ರೋಲು ಹೆಚ್ಚಾಗಿಯೂ ಇದೆ, ಉರಿಯೂ ತಪ್ಪುತ್ತಿದೆ! ಚೀಟಿಯನ್ನು ‘ನಪಾಸು’ ಎಂಬ ಒಂದೇ ಮಾತಾಗಿ ಓದಿದ್ದವರಿಗೆ ಈ ಒಗಟು ಕಂಡಿರಲಿಲ್ಲ. ಇದನ್ನು ಹಿಡಿದುಕೊಂಡು ನಾವು ಜಗತ್ ಭಾಗದ ಒಬ್ಬ ಹಿರಿಯ ಮಿಸ್ತ್ರಿಯವರ ಬಳಿಗೆ ಹೋದೆವು.

ಪರೀಕ್ಷೆಯ ಕ್ರಮ

ಮಿಸ್ತ್ರಿಯವರು ಪಾನಾ ಕೈಗೆತ್ತಿಕೊಳ್ಳುವ ಮೊದಲು ಬಹಳ ಹೊತ್ತು ಸುಮ್ಮನೆ ಕೇಳಿದರು. ತಣ್ಣಗಿದ್ದಾಗ ನಡುಗುತ್ತದೆಯೋ, ಕಾದ ಮೇಲೋ? ಚೋಕು ಎಳೆದರೆ ಏನಾಗುತ್ತದೆ? ರೋಗ ಒಮ್ಮೆಗೇ ಬಂದಿತೋ, ಮೆಲ್ಲಮೆಲ್ಲಗೆ ಬಂದಿತೋ? ಆಮೇಲೆ ಒಂದು ಕಾಗದದ ಚೂರನ್ನು ಸೈಲೆನ್ಸರಿನ ಬಾಯಿಯ ಹತ್ತಿರ ಹಿಡಿದರು. ಕಾಗದವು ಆಗಾಗ ಒಳಕ್ಕೆ ಎಳೆದುಕೊಂಡರೆ ವಾಲ್ವು ಸುಟ್ಟಿರುವ ಸಂಶಯ ಪಡಬೇಕಂತೆ. ಇಲ್ಲಿ ಹಾಗಾಗದೆ, ಹೊಗೆಯು ತಪ್ಪಿ ತಪ್ಪಿ ಬರುತ್ತಿತ್ತು.

ಎರಡನೆಯ ಪ್ರಶ್ನೆ: ನಾಲ್ಕೂ ಸಿಲಿಂಡರುಗಳು ಕೆಟ್ಟಿವೆಯೋ, ಕೆಲವು ಮಾತ್ರವೋ? ಎಂಜಿನ್ನು ನಡೆಯುತ್ತಿರುವಾಗ ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ವಾಯರನ್ನು ಒಂದೆರಡು ಕ್ಷಣ ಎತ್ತಬೇಕು. ದುಡಿಯುತ್ತಿರುವ ಸಿಲಿಂಡರಿನ ವಾಯರು ಎತ್ತಿದರೆ ಎಂಜಿನ್ನು ತಟ್ಟನೆ ಕುಸಿಯುತ್ತದೆ. ದುಡಿಯದ ಸಿಲಿಂಡರಿನದನ್ನು ಎತ್ತಿದರೆ ವ್ಯತ್ಯಾಸವೇ ಕಾಣದು. ಇದು ಹಳೆಯ ಪಾಯಿಂಟಿನ ಗಾಡಿಗಳಿಗೆ ಮಾತ್ರ ಹೇಳಿದ ಪರೀಕ್ಷೆ. ಈಗಿನ ಕಾರುಗಳಲ್ಲಿ ಹೀಗೆ ಮಾಡಿದರೆ ಹೊಗೆ ಶುದ್ಧಿಮಾಡುವ ಪೆಟ್ಟಿಗೆಗೂ ಕಂಪ್ಯೂಟರಿಗೂ ಹಾನಿ. ಮಾವನ ಗಾಡಿಯಲ್ಲಿ 3ನೆಯ ಮತ್ತು 4ನೆಯ ವಾಯರುಗಳನ್ನು ಎತ್ತಿದಾಗ ಎಂಜಿನ್ನು ಆರಿಹೋಗುವಂತಾಯಿತು. 1 ಮತ್ತು 2ನೆಯವನ್ನು ಎತ್ತಿದಾಗ ಹೆಚ್ಚೇನೂ ಆಗಲಿಲ್ಲ. ಎಂದರೆ ಎರಡು ಸಿಲಿಂಡರುಗಳು ಹೊರೆ ಹೊರುತ್ತಿದ್ದವು, ಉಳಿದೆರಡು ಹೆಸರಿಗೆ ಮಾತ್ರ ತಿರುಗುತ್ತಿದ್ದವು.

ಮೂರನೆಯದು, ಪ್ಲಗ್ಗುಗಳ ಬಣ್ಣ. ಸರಿಯಾಗಿ ಉರಿಯುವ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿರುತ್ತದೆ. ಇಲ್ಲಿ 1 ಮತ್ತು 2ರ ಪ್ಲಗ್ಗುಗಳು ಬಿಳಿಚಿಕೊಂಡಿದ್ದವು. 3 ಮತ್ತು 4ರವು ಕಾಡಿಗೆಯಂತೆ ಕಪ್ಪಾಗಿದ್ದವು. ಚೀಟಿಯ ಒಗಟು ಇಲ್ಲಿ ಅರ್ಧ ಬಿಚ್ಚಿತು. ಒಂದು ಜೋಡಿಗೆ ಪೆಟ್ರೋಲು ಸಾಲದು, ಇನ್ನೊಂದು ಜೋಡಿಗೆ ಅತಿಯಾಗಿದೆ. ಸೈಲೆನ್ಸರಿನಲ್ಲಿ ಎರಡರ ಹೊಗೆಯೂ ಬೆರೆಯುವುದರಿಂದ ಚೀಟಿಯಲ್ಲಿ ಎರಡು ಅಂಕಿಗಳೂ ಏರಿವೆ.

ನಾಲ್ಕನೆಯದು, ಕಿಡಿ. 1 ಮತ್ತು 4ರ ಪ್ಲಗ್ಗುಗಳನ್ನು ಒರೆಸಿ ಅದಲು ಬದಲು ಮಾಡಿದರು. ದೋಷವು ಪ್ಲಗ್ಗಿನದಾಗಿದ್ದರೆ ಅದರೊಂದಿಗೆ ತಾನೂ ಸ್ಥಳ ಬದಲಿಸಬೇಕಾಗಿತ್ತು. ಅದು ಇದ್ದಲ್ಲಿಯೇ ಉಳಿಯಿತು. ಮಿಸ್ತ್ರಿಗಳು ‘ಡೆಲ್ಕೊ’ ಎನ್ನುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಬಿರುಕಿದೆಯೇ ನೋಡಿದರು. ಪಾಯಿಂಟಿನ ಸಂದನ್ನು ಫೀಲರ್ ಗೇಜಿನಿಂದ ಅಳೆದರು. ಇಂಥ ಎಂಜಿನ್ನುಗಳಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಪಾಯಿಂಟು, ಕಂಡೆನ್ಸರು ಕೆಟ್ಟಿದ್ದರೆ ಕಿಡಿಯು ನಾಲ್ಕಕ್ಕೂ ಕ್ಷೀಣವಾಗಬೇಕು. ಎರಡಕ್ಕೆ ಮಾತ್ರ ಆಗುವ ಕಾರಣವಿಲ್ಲ. ಹೀಗೆ ಕಿಡಿಯ ಕಡೆಯ ಸಂಶಯಗಳು ಒಂದೊಂದಾಗಿ ಕಳೆದವು.

ಐದನೆಯದು, ಒತ್ತಡ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಜೊತೆಯಾಗಿ ಸೋತಿದ್ದರೆ ಅವುಗಳ ನಡುವಣ ಹೆಡ್ ಪ್ಯಾಕಿಂಗ್ ಹೋಗಿರುವುದು ಪ್ರಸಿದ್ಧವಾದ ಕಾರಣ. ಮೊದಲಿನ ಗ್ಯಾರೇಜಿನವರ ಮಾತಿಗೆ ಆಧಾರವಿರಲಿಲ್ಲವೆಂದು ಹೇಳಲಾಗದು. ಆದರೆ ಆಧಾರವು ಸಂಶಯಕ್ಕೆ ಸಾಕು, ನಿರ್ಣಯಕ್ಕೆ ಸಾಲದು. ನಿರ್ಣಯಕ್ಕೆ ಕಂಪ್ರೆಷನ್ ಗೇಜು ಬೇಕು. ನಾಲ್ಕೂ ಪ್ಲಗ್ಗುಗಳನ್ನು ತೆಗೆದು, ಎಕ್ಸಿಲರೇಟರು ಪೂರ್ತಿ ತುಳಿದು, ಸೆಲ್ಫು ಹೊಡೆದು ಒಂದೊಂದೇ ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಒಂದರಲ್ಲಿ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ, ಏರದಿದ್ದರೆ ವಾಲ್ವು ಅಥವಾ ಹೆಡ್ ಪ್ಯಾಕಿಂಗಿನ ದೋಷ. ನಮ್ಮಲ್ಲಿ ನಾಲ್ಕೂ ಹೆಚ್ಚುಕಡಿಮೆ ಸಮನಾಗಿ ಬಂದವು. ಹೆಡ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಮಾವ ಒಂದು ದೀರ್ಘವಾದ ಉಸಿರು ಬಿಟ್ಟು ಚಹಾ ತರಿಸಿದರು.

ಒತ್ತಡ ಸರಿ, ಕಿಡಿ ಸರಿ, ಉಳಿದುದು ಮಿಶ್ರಣ. ಎಕ್ಸಿಲರೇಟರನ್ನು ಸ್ವಲ್ಪ ಏರಿಸಿದ ಕೂಡಲೇ ನಡುಕ ಮಾಯವಾಗುತ್ತಿದ್ದುದರಿಂದ ಕಳ್ಳ ಗಾಳಿಯ ಸಂಶಯ ಬಲವಾಯಿತು. ಕೆಲವರು ಇದನ್ನು ಕಂಡುಹಿಡಿಯಲು ಕೀಲುಗಳ ಮೇಲೆ ಪೆಟ್ರೋಲು ಚಿಮುಕಿಸುವುದುಂಟು. ಇದು ಬೆಂಕಿಗೆ ನೇರ ಆಹ್ವಾನ, ಯಾರೂ ಮಾಡಬಾರದು. ಮಿಸ್ತ್ರಿಯವರು ದಪ್ಪ ಎಂಜಿನ್ ಎಣ್ಣೆಯನ್ನು ಒಂದು ಸಣ್ಣ ಬ್ರಶ್ಶಿನಿಂದ ಕಾರ್ಬ್ಯುರೇಟರು ಕುಳಿತ ಕೀಲಿನ ಸುತ್ತ ಹಚ್ಚುತ್ತ ಬಂದರು. ಒಂದು ಬದಿಗೆ, 1–2ನೆಯ ಸಿಲಿಂಡರುಗಳ ಕಡೆಗೆ, ಎಣ್ಣೆ ತಾಗಿದೊಡನೆ ಎಂಜಿನ್ನಿನ ಸದ್ದು ಬದಲಾಯಿತು. ಕೆಲವು ಕ್ಷಣ ಅದು ನೆಟ್ಟಗೆ ತಿರುಗಿತು. ಎಣ್ಣೆಯನ್ನು ಒಳಗೆಳೆದುಕೊಂಡ ಮೇಲೆ ಮತ್ತೆ ನಡುಗತೊಡಗಿತು. ‘ನೋಡ್ರಿ ಅಣ್ಣಾರ, ಗಾಡಿ ತಾನೇ ಬಾಯಿಬಿಟ್ಟು ಹೇಳ್ತು’ ಎಂದು ಅವರು ನಕ್ಕರು.

ದುರಸ್ತಿ

ಎಂಜಿನ್ನು ತಣ್ಣಗಾದ ಮೇಲೆ, ಬ್ಯಾಟರಿಯ ಒಂದು ವಾಯರು ಬಿಚ್ಚಿ, ಕಾರ್ಬ್ಯುರೇಟರನ್ನು ಇಳಿಸಿದರು. ಅದರ ಅಡಿಯ ಪಟ್ಟಿಯ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ನೆಟ್ಟಗೆ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕಿನ ಗೆರೆ ಕಂಡಿತು. ಕಾರ್ಬ್ಯುರೇಟರಿನ ಮೈ ಮೆತ್ತನೆಯ ಲೋಹದ್ದು. ವರ್ಷಗಳಿಂದ ಎರಡು ತುದಿಯ ನಟ್ಟುಗಳನ್ನು ಬಿಗಿದು ಬಿಗಿದು ಪಟ್ಟಿಯೇ ಬಾಗಿದ್ದಿತು. ಬಾಗಿದಷ್ಟೂ ಗಾಳಿ ಸೋರುತ್ತಿತ್ತು. ಸೋರಿದಷ್ಟೂ ನಟ್ಟು ಬಿಗಿಯುತ್ತಿದ್ದರು. ಬಿಗಿದಷ್ಟೂ ಅದು ಇನ್ನಷ್ಟು ಬಾಗುತ್ತಿತ್ತು. ಒಳಬಂದ ಗಾಳಿ ಹತ್ತಿರದ ಎರಡು ಸಿಲಿಂಡರುಗಳ ಮಿಶ್ರಣವನ್ನು ತೆಳುಮಾಡಿತು. ಅದನ್ನು ಮುಚ್ಚಲೆಂದು ಪೆಟ್ರೋಲು ಹೆಚ್ಚಿಸಿದ್ದರಿಂದ ಆರೋಗ್ಯವಾಗಿದ್ದ ಇನ್ನೆರಡು ಸಿಲಿಂಡರುಗಳು ಕಾಡಿಗೆ ಹಿಡಿದವು. ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದ್ದರ ಫಲ ಇದು.

ದುರಸ್ತಿಯು ಪರೀಕ್ಷೆಗಿಂತ ಸುಲಭವಾಗಿತ್ತು. ಸಮತಟ್ಟಾದ ದಪ್ಪ ಗಾಜಿನ ಮೇಲೆ ಸಣ್ಣ ಮರಳಿನ ಎಮರಿ ಕಾಗದ ಹಾಸಿ, ಕಾರ್ಬ್ಯುರೇಟರಿನ ರಂಧ್ರಗಳನ್ನು ಬಟ್ಟೆಯಿಂದ ಮುಚ್ಚಿ, ಅಡಿಯ ಪಟ್ಟಿಯನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದರು. ಬೆಳಕಿನ ಗೆರೆ ಹೋಗುವವರೆಗೆ ಉಜ್ಜಿ, ಪುಡಿಯೆಲ್ಲ ತೊಳೆದು, ಹೊಸ ಪ್ಯಾಕಿಂಗ್ ಇಟ್ಟು, ಎರಡು ನಟ್ಟುಗಳನ್ನೂ ಇಷ್ಟಿಷ್ಟೇ ಒಂದಾದ ಮೇಲೊಂದರಂತೆ ಬಿಗಿದರು. ಸ್ಲೋ ಜೆಟ್ಟನ್ನು ತೆಗೆದು ಹವಾ ಹೊಡೆದು ಶುದ್ಧಮಾಡಿದರು. ಜೆಟ್ಟಿಗೆ ತಂತಿ ತೂರಿಸಬಾರದು. ರಂಧ್ರ ದೊಡ್ಡದಾದರೆ ಅಳತೆಯೇ ಕೆಡುತ್ತದೆ.

ಕಟ್ಟಕಡೆಗೆ ಹದ ಮಾಡುವ ಕೆಲಸ. ಮಿಶ್ರಣದ ಸ್ಕ್ರೂವನ್ನು ಹಗುರಾಗಿ ಕೊನೆಯವರೆಗೆ ಒಳಗೆ ತಿರುವಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು ಆರಂಭಿಸುವುದು ವಾಡಿಕೆ. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಅದನ್ನು ಅತ್ತಿತ್ತ ಸ್ವಲ್ಪಸ್ವಲ್ಪವೇ ತಿರುವಿ, ಎಂಜಿನ್ನು ಅತಿ ಹೆಚ್ಚು ವೇಗವಾಗಿ, ಸಮನಾಗಿ ತಿರುಗುವ ಜಾಗವನ್ನು ಹುಡುಕಬೇಕು. ಬಳಿಕ ವೇಗದ ಸ್ಕ್ರೂವಿನಿಂದ ಸುತ್ತುಗಳನ್ನು ಇಳಿಸಬೇಕು. ಮತ್ತೆ ಮಿಶ್ರಣ, ಮತ್ತೆ ವೇಗ. ಹೀಗೆ ಎರಡು ಮೂರು ಸಲ. ಈ ಕೆಲಸವನ್ನು ಬಾಗಿಲು ಹಾಕಿದ ಷೆಡ್ಡಿನಲ್ಲಿ ಎಂದೂ ಮಾಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣ ತೆಗೆಯುವ ಅನಿಲ.

ಹೊಸ ಪ್ಯಾಕಿಂಗಿನ ಬೆಲೆ ಒಂದು ಪ್ಲೇಟು ಸೂಸಲಾ-ಮಿರ್ಚಿಯ ಬೆಲೆಯನ್ನು ಮೀರಲಿಲ್ಲ. ಮಿಸ್ತ್ರಿಯವರು ತೆಗೆದುಕೊಂಡ ಕೂಲಿಯಲ್ಲಿ ಹೆಚ್ಚಿನ ಪಾಲು ಹುಡುಕಿದ್ದಕ್ಕೆ ಸಲ್ಲಬೇಕಾದುದು. ಮರುವಾರ ಗಾಡಿ ಹೊಗೆ ತಪಾಸಣೆಯಲ್ಲಿ ಪಾಸಾಯಿತು. ಎರಡು ಅಂಕಿಗಳೂ ಮಿತಿಯೊಳಗೆ ಬಂದಿದ್ದವು.

ನಮ್ಮ ಸೀಮೆಯ ವಿಶೇಷ ತೊಂದರೆಗಳು

ಎಲ್ಲ ಗಾಡಿಗಳಿಗೂ ಇದೇ ರೋಗವೆಂದು ಭಾವಿಸಬಾರದು. ನಮ್ಮ ಭಾಗದಲ್ಲಿ ಸಾಮಾನ್ಯವಾಗಿರುವ ಇನ್ನು ಕೆಲವು ಕಾರಣಗಳನ್ನು ಇಲ್ಲಿ ಹೇಳುತ್ತೇನೆ.

1. ಧೂಳು: ಕಪ್ಪು ಮಣ್ಣಿನ ಹೊಲದ ದಾರಿಗಳು, ಶಹಾಬಾದ ಕಲ್ಲಿನ ಗಣಿಗಳು, ವಾಡಿ-ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳು ಇವುಗಳ ಧೂಳಿನಿಂದ ಗಾಳಿಯ ಫಿಲ್ಟರು ಬೇಗ ಕಟ್ಟುತ್ತದೆ. ಗಾಳಿ ಕಡಿಮೆಯಾದಾಗ ಮಿಶ್ರಣ ದಪ್ಪವಾಗುತ್ತದೆ. ನಾಲ್ಕೂ ಪ್ಲಗ್ಗುಗಳು ಕಪ್ಪಾಗಿದ್ದರೆ ಮೊದಲು ಫಿಲ್ಟರನ್ನು ನೋಡಬೇಕು.

2. ಬಿಸಿಲು: ಕಲಬುರಗಿಯ ಏಪ್ರಿಲ್-ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುವುದು ಸಾಮಾನ್ಯ. ಆಗ ಪಂಪಿನಲ್ಲಿ, ನಳಿಕೆಯಲ್ಲಿ ಪೆಟ್ರೋಲು ಆವಿಯಾಗಿ ಹರಿವು ತಪ್ಪುತ್ತದೆ. ಮಧ್ಯಾಹ್ನ ನಿಂತ ಗಾಡಿ ಸಂಜೆ ತಾನಾಗಿಯೇ ಸರಿಹೋದರೆ ಕಾರಣ ಇದೇ ಇರಬಹುದು. ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ತಾತ್ಕಾಲಿಕ ಉಪಾಯ.

3. ಎಥೆನಾಲು: 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇಕಡ 20ಕ್ಕೆ ಏರಿತು. ಶುದ್ಧ ಎಥೆನಾಲು ಉರಿಯಲು 9 ಪಾಲು ಗಾಳಿ ಸಾಕು. ಆದುದರಿಂದ ಹಳೆಯ ಜೆಟ್ಟಿನಲ್ಲಿ ಈ ಮಿಶ್ರಣವು ತುಸು ತೆಳುವಾಗಿಯೇ ಉರಿಯುತ್ತದೆ. ಎಥೆನಾಲು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಜೆಟ್ಟು ಕಟ್ಟುವುದಕ್ಕೂ ಟಾಕಿಯಲ್ಲಿ ತುಕ್ಕು ಕಾಣುವುದಕ್ಕೂ ಇದು ದಾರಿ. ಪೆಟ್ರೋಲಿನ ರಬ್ಬರು ನಳಿಕೆಗಳನ್ನು ಎಥೆನಾಲು ತಾಳುವ ಜಾತಿಯವಕ್ಕೆ ಬದಲಿಸಿಕೊಳ್ಳುವುದು ಲೇಸು.

4. ಟ್ಯಾಪೆಟ್ಟು: ವಾಲ್ವಿನ ಸಂದು ತೀರ ಕಡಿಮೆಯಾದರೆ ಕಾದ ಮೇಲೆ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ತಣ್ಣಗಿದ್ದಾಗ ಸರಿಯಿದ್ದು, ಕಾದಂತೆ ಕುಂಟುವ ಎಂಜಿನ್ನಿನಲ್ಲಿ ಇದನ್ನು ಮರೆಯಬಾರದು.

ಈ ವಿಚಾರದ ಬೆಲೆ

ನಮ್ಮ ನ್ಯಾಯಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕ ಎಂಬ ಮಾತುಂಟು: ಇದಿದ್ದರೆ ಅದಿದೆ, ಇದಿಲ್ಲದಿದ್ದರೆ ಅದಿಲ್ಲ ಎಂದು ತೋರಿದಾಗ ಇದು ಕಾರಣ, ಅದು ಕಾರ್ಯ. ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ ಎಂಬ ತತ್ತ್ವಜ್ಞನು 1843ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಇದಕ್ಕೆ ಸಮೀಪವಾದ ವಿಧಾನಗಳನ್ನು ವಿವರಿಸಿದ್ದಾನೆ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ಫಲವನ್ನು ನೋಡುವುದು ಅವುಗಳ ಜೀವಾಳ. ಮಿಸ್ತ್ರಿಯವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು; ಈ ಗ್ರಂಥಗಳ ಹೆಸರನ್ನು ಕೇಳಿದವರಲ್ಲ. ಆದರೆ ಪ್ಲಗ್ಗುಗಳನ್ನು ಅದಲು ಬದಲು ಮಾಡಿದಾಗ, ಕೀಲಿನ ಒಂದೊಂದೇ ಬದಿಗೆ ಎಣ್ಣೆ ಹಚ್ಚಿದಾಗ ಅವರು ಮಾಡಿದ್ದು ಅದನ್ನೇ. ‘ಎಲ್ಲಾ ಒಮ್ಮಿಗೇ ಬಿಚ್ಚಬಾರ್ದು. ಬಿಚ್ಚಿದ್ರ ರೋಗ ಯಾವ್ದು, ಮದ್ದು ಯಾವ್ದು ಗೊತ್ತಾಗಂಗಿಲ್ಲ’ ಎಂಬುದು ಅವರ ಸೂತ್ರ.

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರು ಇಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಒಂದು ಸೆನ್ಸರು ಅಳೆದು ತಿಳಿಸುತ್ತದೆ. ಕಂಪ್ಯೂಟರು ಪೆಟ್ರೋಲನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ದೋಷ ಬಂದರೆ ಸ್ಕ್ಯಾನರಿನಲ್ಲಿ ಒಂದು ಸಂಖ್ಯೆ ಮೂಡುತ್ತದೆ. ಆದರೂ ‘ಮಿಶ್ರಣ ತೆಳು’ ಎಂದು ಆ ಸಂಖ್ಯೆ ಹೇಳಿದಾಗ, ಏಕೆ ತೆಳುವಾಯಿತೆಂದು ಹುಡುಕುವ ಹೊಣೆ ಮನುಷ್ಯನದೇ. ಸಂಖ್ಯೆಯನ್ನು ಕಂಡ ಕೂಡಲೇ ಸಾಮಾನು ಬದಲಿಸುವವರು ಹೊಸ ಗ್ಯಾರೇಜುಗಳಲ್ಲಿಯೂ ಇದ್ದಾರೆ. ಅವರ ತಪ್ಪಿಗೆ ಹಣ ತೆರುವವನು ಗಾಡಿಯ ಯಜಮಾನ.

ಜಗತ್ ಭಾಗದ ಆ ಮಿಸ್ತ್ರಿಯವರ ಕೈಕೆಳಗೆ ಈಗ ಕಲಿಯುವ ಹುಡುಗರಿಲ್ಲ. ಅವರು ನನಗೆ ಹೇಳಿದ್ದನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ರವಿವಾರಗಳಲ್ಲಿ ಹೋಗಿ ಕೇಳುತ್ತೇನೆ, ಅವರು ಕೆಲಸ ಮಾಡುತ್ತಲೇ ಹೇಳುತ್ತಾರೆ. ಟ್ಯಾಪೆಟ್ಟು ಮುಗಿದು ಈಗ ಡೆಲ್ಕೊ ಪಾಠ ನಡೆದಿದೆ. ನಮ್ಮ ವಿದ್ಯಾರ್ಥಿ ಮಿತ್ರರ ಓಣಿಗಳಲ್ಲಿಯೂ ಇಂಥ ಕುಶಲರು, ಬಡಿಗರು, ಪಂಪಿನ ಮಿಸ್ತ್ರಿಗಳು, ಗಡಿಯಾರ ರಿಪೇರಿಯವರು, ಇರುವುದು ನಿಶ್ಚಯ. ಅವರ ತಿಳಿವಳಿಕೆ ಕನ್ನಡದಲ್ಲಿ ಬರಹಕ್ಕೆ ಇಳಿಯದೆ ಅವರೊಂದಿಗೇ ಹೋದರೆ ನಷ್ಟ ನಮ್ಮದು. ಒಂದು ನೋಟುಪುಸ್ತಕ, ಒಂದು ಪೆನ್ನು, ಕೇಳುವ ತಾಳ್ಮೆ ಇಷ್ಟಿದ್ದರೆ ಈ ಕೆಲಸವನ್ನು ಈ ರಜೆಯಲ್ಲಿಯೇ ಆರಂಭಿಸಬಹುದು.